ಬೇಸ್ ಹೊಡೆದಾಗಲೆಲ್ಲ ಆಂಪ್ ನಿಲ್ಲುತ್ತಿದೆಯೇ? ಕಾರ್ ಸಬ್‌ವೂಫರ್ ವೈರಿಂಗ್ ಮತ್ತು ಓಮ್ ಹೊಂದಾಣಿಕೆಯ ದೋಷ ನಿವಾರಣೆ ಕೈಪಿಡಿ

ಕಡಿಮೆ ವಾಲ್ಯೂಮ್‌ನಲ್ಲಿ ಹಾಡು ಚೆನ್ನಾಗಿಯೇ ಬರುತ್ತದೆ. ಸ್ವಲ್ಪ ಏರಿಸಿದರೆ, ಅದೂ ಬೇಸ್ ಜೋರಾಗಿ ಬರುವ ಜಾಗದಲ್ಲೇ, ಸಬ್‌ವೂಫರ್ ಸುಮ್ಮನಾಗುತ್ತದೆ. ಆಂಪ್‌ನ (ಆಂಪ್ಲಿಫೈಯರ್‌ನ) ಹಸಿರು ದೀಪ ಹೋಗಿ, ತನ್ನನ್ನು ಕಾಪಾಡಿಕೊಳ್ಳಲು ಅದು ತಾನೇ ನಿಂತಿದೆ (ಪ್ರೊಟೆಕ್ಷನ್) ಎಂದು ಹೇಳುವ ಕೆಂಪು ದೀಪ ಬರುತ್ತದೆ. ಎರಡು ಮೂರು ಸೆಕೆಂಡ್ ಕಳೆದು ತಾನಾಗಿ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಇಷ್ಟು ಕಂಡ ಕೂಡಲೇ ‘ಆಂಪ್ ಹೋಯ್ತು’ ಎಂದು ತೀರ್ಮಾನಿಸಿ, ಬಿಚ್ಚಿ, ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಕಳಿಸುವುದು ವಾಡಿಕೆ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿ.ಮೀ. ಅಲ್ಲಿಯ ಬೆಂಚಿನ ಮೇಲೆ ಬೇರೊಂದು ಸ್ಪೀಕರ್‌ಗೆ ಕೊಟ್ಟು ನೋಡಿದರೆ ಆಂಪ್ ಸರಿಯಾಗಿ ಹಾಡುತ್ತದೆ, ಏಕೆಂದರೆ ದೋಷ ಇದ್ದದ್ದು ಡಿಕ್ಕಿಯಲ್ಲೇ ಉಳಿದ ಸಬ್‌ನಲ್ಲಿ ಅಥವಾ ಅದಕ್ಕೆ ಕೊಟ್ಟ ವೈರಿಂಗ್‌ನಲ್ಲಿ. ಹಾಗಾಗಿ ಈ ಕೈಪಿಡಿಯ ಕ್ರಮ ಇಷ್ಟೇ: ಮೊದಲು ಓಮ್ (ಕರೆಂಟ್‌ಗೆ ಸಬ್ ಒಡ್ಡುವ ತಡೆಯ ಅಳತೆ), ಆಮೇಲೆ ವೋಲ್ಟೇಜ್, ಕೊನೆಗೆ ಆಂಪ್.

ಬೇಕಾದದ್ದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದು 1.5 ವೋಲ್ಟಿನ ಪೆನ್ಸಿಲ್ ಸೆಲ್, ಸ್ಕ್ರೂಡ್ರೈವರ್, 10ನೇ ನಂಬರ್ ಸ್ಪ್ಯಾನರ್, ಉಪ್ಪುಕಾಗದ. ಬ್ಯಾಟರಿಯಿಂದ ಬರುವ ದಪ್ಪ ಕೇಬಲ್ ಮುಟ್ಟುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿಡಿ.

ಯಾವ ಹೊತ್ತಿಗೆ ನಿಲ್ಲುತ್ತದೆ?

ಸ್ಟೀರಿಯೋ ಆನ್ ಮಾಡಿದ ಕ್ಷಣವೇ ಕೆಂಪು ದೀಪ ಬಂದರೆ ಎಲ್ಲೋ ಶಾರ್ಟ್ ಇದೆ: ಸ್ಪೀಕರ್ ತಂತಿಗಳು ಒಂದಕ್ಕೊಂದು ತಾಗಿವೆ, ಬಾಡಿಗೆ ತಾಗಿವೆ, ಇಲ್ಲವೇ ಆಂಪ್‌ನೊಳಗಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿದೆ. ಬೇಸ್ ಬಂದಾಗ ಮಾತ್ರ ನಿಂತರೆ ಓಮ್ ಆಂಪ್ ತಡೆಯುವುದಕ್ಕಿಂತ ಕಡಿಮೆ ಇದೆ, ಅಥವಾ ಆಂಪ್‌ಗೆ ತಲುಪುವ ವೋಲ್ಟೇಜ್ ಕುಸಿಯುತ್ತಿದೆ. ಅರ್ಧ ಗಂಟೆ ಹಾಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಹಾಡಿದರೆ ಅದು ಬಿಸಿಯ ದೋಷ. ಹಾಗೆ ಬಿಸಿಯಾಗಲು ಓಮ್ ಕಡಿಮೆ ಇರುವುದೂ ಕಾರಣವಾಗಬಹುದು, ಸೀಟಿನ ಹಿಂದೆ ಆಂಪ್ ಮೇಲೆ ಗೋಣಿಚೀಲ ಹೇರಿರುವುದೂ ಕಾರಣವಾಗಬಹುದು. ತೋಟಕ್ಕೆ ಓಡಾಡುವ ಜೀಪು, ಪಿಕಪ್‌ಗಳಲ್ಲಿ ಎರಡನೆಯದನ್ನೇ ಮೊದಲು ನೋಡಿ, ಅದಕ್ಕೆ ಮೀಟರ್ ಕೂಡ ಬೇಕಿಲ್ಲ.

ಈಗ ಆಫ್ ಮಾಡಿ, ಆಂಪ್‌ನಿಂದ ಎರಡೂ ಸ್ಪೀಕರ್ ತಂತಿಗಳನ್ನು ಬಿಚ್ಚಿ, ಮತ್ತೆ ಆನ್ ಮಾಡಿ. ಕೆಂಪು ದೀಪ ಹೋಯಿತೆಂದರೆ ತಪ್ಪು ತಂತಿಯ ಆಚೆ ತುದಿಯಲ್ಲಿದೆ. ಹೋಗದಿದ್ದರೆ ಸ್ಟೀರಿಯೋದಿಂದ ಸಿಗ್ನಲ್ ತರುವ ಆರ್‌ಸಿಎ ಕೇಬಲ್ ಕೂಡ ಕಿತ್ತು ನೋಡಿ. ಪ್ಲಸ್, ಗ್ರೌಂಡ್ (ಬಾಡಿಗೆ ಹೋಗುವ ಮೈನಸ್), ರಿಮೋಟ್ (ಸ್ಟೀರಿಯೋ ಆಂಪನ್ನು ಆನ್ ಮಾಡುವ ತೆಳು ತಂತಿ) ಈ ಮೂರೇ ಉಳಿದು, ಟರ್ಮಿನಲ್‌ನಲ್ಲಿ 12 ವೋಲ್ಟ್‌ಗಿಂತ ಹೆಚ್ಚು ಇದ್ದು, ಆಗಲೂ ಕೆಂಪು ದೀಪ ಇದ್ದರೆ ಮಾತ್ರ ಆಂಪ್ ರಿಪೇರಿಗೆ ಹೋಗಬೇಕಾದದ್ದು. ಸ್ಪೀಕರ್ ತಂತಿ ಇಲ್ಲದೆಯೂ ಫ್ಯೂಸ್ ಹಾರುತ್ತಿದ್ದರೆ ಅದೂ ಆಂಪ್‌ನದೇ ದೋಷ. ಅಂಥ ಕಡೆ 30 ಆಂಪಿಯರ್ ಫ್ಯೂಸ್ ತೆಗೆದು 40 ಹಾಕಿ ನೋಡುವ ಬುದ್ಧಿ ಬೇಡ. ಸುಡುವುದು ಫ್ಯೂಸ್ ಬದಲು ಬೋರ್ಡ್ ಆಗುತ್ತದೆ.

ಓಮ್ ಅಳೆಯುವ ಕ್ರಮ

ಸಬ್‌ನ ಬಾಕ್ಸ್ ಬಿಚ್ಚುವ ಅಗತ್ಯವಿಲ್ಲ. ಆಂಪ್ ಕಡೆಯಿಂದ ಬಿಚ್ಚಿದ ತಂತಿಯ ತುದಿಯಲ್ಲೇ ಅಳೆಯಿರಿ. ಆಂಪ್‌ಗೆ ಕಾಣುವುದು ಅದೇ. ಮೀಟರನ್ನು 200 ಓಮ್ ರೇಂಜ್‌ಗೆ ಇಟ್ಟು, ಮೊದಲು ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ. 0.2ರಿಂದ 0.5ರವರೆಗೆ ಏನೋ ಒಂದು ತೋರಿಸುತ್ತದೆ. ಅದು ಪ್ರೋಬ್ ತಂತಿಯ ಸ್ವಂತ ಓಮ್. ಮುಂದಿನ ಪ್ರತಿ ಅಳತೆಯಿಂದ ಅದನ್ನು ಕಳೆಯಬೇಕು. 4 ಓಮ್ ಅಳೆಯುವಾಗ ಇದು ದೊಡ್ಡ ವಿಷಯವಲ್ಲ, ಆದರೆ 1 ಓಮ್ ಅಳೆಯುವಾಗ ಇದನ್ನು ಬಿಟ್ಟರೆ ಲೆಕ್ಕವೇ ತಲೆಕೆಳಗು.

ಮೀಟರ್ ತೋರಿಸುವುದು ಕಾಯಿಲ್‌ನ (ಸಬ್‌ನ ಕೋನನ್ನು ಅಲುಗಿಸುವ ತಂತಿ ಸುರುಳಿಯ) ಡಿಸಿ ರೆಸಿಸ್ಟೆನ್ಸ್. ಸಬ್ ಮೇಲೆ ಬರೆದಿರುವುದು ಇಂಪಿಡೆನ್ಸ್, ಅಂದರೆ ಹಾಡಿನ ಸಿಗ್ನಲ್‌ಗೆ ಅದು ಒಡ್ಡುವ ತಡೆ. ಹಾಗಾಗಿ 4 ಓಮ್ ಎಂದು ಬರೆದ ಕಾಯಿಲ್ 3.2ರಿಂದ 3.8, 2 ಓಮ್‌ನ ಕಾಯಿಲ್ 1.6ರಿಂದ 1.9 ತೋರಿಸುವುದು ಸಹಜ. ಬರೆದದ್ದಕ್ಕಿಂತ ಸ್ವಲ್ಪ ಕಡಿಮೆ ಬಂದಿತೆಂದು ಗಾಬರಿಯಾಗಬೇಡಿ. ಅಳೆಯುವಾಗ ಕೋನ್ ಅಲುಗಬಾರದು, ಡಿಕ್ಕಿ ಬಾಗಿಲು ಧಡಾರೆಂದು ಹಾಕಿದರೂ ಅಂಕಿ ಕುಣಿಯುತ್ತದೆ.

ನಿಮ್ಮ ವೈರಿಂಗ್ ಲೆಕ್ಕದ ಪ್ರಕಾರ 2 ಓಮ್ ಇರಬೇಕಾದ ಕಡೆ 1.7ರ ಆಸುಪಾಸು ಬಂದರೆ ಸರಿ. 0.9 ಬಂದರೆ ನೀವಂದುಕೊಂಡ ವೈರಿಂಗ್ ಅಲ್ಲಿಲ್ಲ. 3.5 ಬಂದರೆ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಇರಬೇಕಾದ ಎರಡರಲ್ಲಿ ಒಂದು ಕಾಯಿಲ್ ಸೇರಿಯೇ ಇಲ್ಲ, ಅಥವಾ ಸುಟ್ಟು ಓಪನ್ (ಒಳಗೇ ತುಂಡು) ಆಗಿದೆ. ಸೊನ್ನೆ ಬಂದರೆ ಶಾರ್ಟ್. ಏನೂ ತೋರಿಸದಿದ್ದರೆ ತಂತಿ ಎಲ್ಲೋ ತುಂಡಾಗಿದೆ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಕಾರ್ಪೆಟ್ ಎತ್ತಿ ಇಲಿ ಕಡಿದ ಗುರುತು ನೋಡಿ.

ಜೋರಾಗಿ ಹಾಡಿದಾಗ ಮಾತ್ರ ತಪ್ಪಿ ತಪ್ಪಿ ಬರುವ ಸಬ್‌ಗೆ ಇನ್ನೊಂದು ಪರೀಕ್ಷೆ ಇದೆ. ಪ್ರೋಬ್ ಹಾಗೇ ಇರಲಿ. ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮವಾಗಿ, ನಿಧಾನವಾಗಿ ಒಳಗೆ ಒತ್ತಿ, ಅಲ್ಲೇ ಹಿಡಿದು ಅಂಕಿ ನಿಲ್ಲುವವರೆಗೆ ಕಾಯಿರಿ. ಒತ್ತಿದಾಗ ಓಪನ್ ತೋರಿಸಿದರೆ, ಟರ್ಮಿನಲ್‌ನಿಂದ ಕೋನ್‌ಗೆ ಹೋಗುವ ಹೆಣೆದ ತಂತಿ ಒಳಗೊಳಗೇ ತುಂಡಾಗಿದೆ. ಒತ್ತುವಾಗ ಕರಕರ ಎಂದು ಉಜ್ಜಿದ ಸದ್ದು ಬಂದರೆ ಕಾಯಿಲ್ ಬಿಸಿಗೆ ಉಬ್ಬಿದೆ. ಕಾಯಿಲ್‌ನ ಸುತ್ತುಗಳು ಸುಟ್ಟು ಒಂದಕ್ಕೊಂದು ಅಂಟಿದ್ದರೆ 3.5 ಇರಬೇಕಾದದ್ದು 2.4ಕ್ಕೋ 2.5ಕ್ಕೋ ಇಳಿದಿರುತ್ತದೆ. ಇಂಥ ಸಬ್ ಹಾಡುತ್ತಲೇ ಇರುತ್ತದೆ, ಆದರೆ ಆಂಪನ್ನು ಮತ್ತೆ ಮತ್ತೆ ನಿಲ್ಲಿಸುತ್ತದೆ. ಮೂಗಿಗೂ ಗೊತ್ತಾಗುತ್ತದೆ.

ಕೊನೆಯದಾಗಿ, ಸ್ಪೀಕರ್ ತಂತಿಯ ಒಂದೊಂದೇ ತುದಿಯಿಂದ ಬಾಡಿಯ ಕಬ್ಬಿಣಕ್ಕೆ ಅಳೆಯಿರಿ. ಎರಡೂ ಓಪನ್ ಇರಬೇಕು. ಎಷ್ಟೋ ಆಂಪ್‌ಗಳಲ್ಲಿ ಸ್ಪೀಕರ್ ಮೈನಸ್ ಎಂದರೆ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಅದನ್ನು ಬಾಡಿಗೆ ಕೊಟ್ಟರೆ ಆಂಪ್ ನಿಂತೇ ನಿಲ್ಲುತ್ತದೆ.

ಸೀರೀಸ್, ಪ್ಯಾರಲಲ್: ಯಾವುದರಿಂದ ಎಷ್ಟು ಬರುತ್ತದೆ

ಓಮ್ ಕಡಿಮೆಯಾದರೆ ಆಂಪ್‌ಗೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಆಂಪ್ 28 ವೋಲ್ಟ್ ಹೊರಗೆ ಕೊಡುತ್ತಿದೆ ಎಂದುಕೊಳ್ಳಿ. 4 ಓಮ್ ಇದ್ದರೆ 7 ಆಂಪಿಯರ್ ಹರಿಯುತ್ತದೆ, 2 ಓಮ್‌ಗೆ 14, 1 ಓಮ್‌ಗೆ 28. ವಾಟ್ ಲೆಕ್ಕದಲ್ಲಿ ಅದು ಸುಮಾರು 200, 400, 800. ಕಾಗದದ ಮೇಲೆ ಇದು ಲಾಭದ ಹಾಗೆ ಕಾಣುತ್ತದೆ. ಅಷ್ಟು ಕರೆಂಟ್ ಹೊರುವ ಟ್ರಾನ್ಸಿಸ್ಟರ್, ಅಷ್ಟನ್ನು ಬ್ಯಾಟರಿಯಿಂದ ಎಳೆಯುವ ಪವರ್ ಸಪ್ಲೈ ಆಂಪ್‌ನಲ್ಲಿ ಇಲ್ಲದಿದ್ದರೆ ಪ್ರೊಟೆಕ್ಷನ್ ಅಡ್ಡ ಬರುತ್ತದೆ. ಪ್ರೊಟೆಕ್ಷನ್ ಸರಿಯಿಲ್ಲದ ಅಗ್ಗದ ಆಂಪ್ ಆದರೆ ನೇರ ಹೊಗೆ.

ಈಗ ಬರುವ ಸಬ್‌ಗಳಲ್ಲಿ ಹಲವು ಡ್ಯುಯಲ್ ವಾಯ್ಸ್ ಕಾಯಿಲ್‌ನವು, ಅಂದರೆ ಒಂದೇ ಕೋನ್‌ಗೆ ಎರಡು ಕಾಯಿಲ್. ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಸೇರಿಸಿದರೆ, ಓಮ್ ಕೂಡುತ್ತದೆ. ಒಂದೇ ಬೆಲೆಯ ಎರಡನ್ನು ಪ್ಯಾರಲಲ್ ಮಾಡಿದರೆ ಅರ್ಧವಾಗುತ್ತದೆ.

ಒಂದು ಡ್ಯುಯಲ್ 4 ಓಮ್ ಸಬ್: ಸೀರೀಸ್ 8, ಪ್ಯಾರಲಲ್ 2.
ಒಂದು ಡ್ಯುಯಲ್ 2 ಓಮ್ ಸಬ್: ಸೀರೀಸ್ 4, ಪ್ಯಾರಲಲ್ 1.
ಎರಡು ಸಿಂಗಲ್ 4 ಓಮ್ ಸಬ್: ಸೀರೀಸ್ 8, ಪ್ಯಾರಲಲ್ 2.
ಎರಡು ಡ್ಯುಯಲ್ 4 ಓಮ್ ಸಬ್: 16, 4 ಅಥವಾ 1.
ಎರಡು ಡ್ಯುಯಲ್ 2 ಓಮ್ ಸಬ್: 8, 2 ಅಥವಾ 0.5.

ನಾಲ್ಕನೇ ಸಾಲನ್ನು ಇನ್ನೊಮ್ಮೆ ಓದಿ. ಎರಡು ಡ್ಯುಯಲ್ 4 ಓಮ್ ಸಬ್‌ಗಳ ಎಲ್ಲ ಕಾಯಿಲ್ ಬಳಸಿದರೆ 2 ಓಮ್ ಬರುವುದೇ ಇಲ್ಲ. ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ. ಮೊದಲು ಒಂದೇ ಡ್ಯುಯಲ್ 4 ಸಬ್ ಇತ್ತು, ಪ್ಯಾರಲಲ್‌ನಲ್ಲಿ 2 ಓಮ್, ಆಂಪ್ ಕೂಡ 2 ಓಮ್‌ವರೆಗಿನದು, ಎಲ್ಲ ಸರಿಯಾಗಿತ್ತು. ದಸರಾ ಹೊತ್ತಿಗೋ ಹುತ್ತರಿ ಹೊತ್ತಿಗೋ ಅವಸರದಲ್ಲಿ ಅದೇ ಮಾಡೆಲ್‌ನ ಇನ್ನೊಂದನ್ನು ತಂದು ಅದೇ ಟರ್ಮಿನಲ್‌ಗೆ ಸೇರಿಸಿದರು. ಈಗ 1 ಓಮ್. ಆಂಪ್ ಬೇಸ್‌ಗೆಲ್ಲ ನಿಲ್ಲುತ್ತದೆ. ಪರಿಹಾರ ಎರಡು. ಪ್ರತಿ ಸಬ್‌ನ ಎರಡು ಕಾಯಿಲ್ ಸೀರೀಸ್ ಮಾಡಿ (8), ಆ ಎರಡು ಸಬ್‌ಗಳನ್ನು ಪ್ಯಾರಲಲ್ ಮಾಡಿ (4). ವಾಟ್ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದರೆ ಕೋನ್ ಎರಡಾದ್ದರಿಂದ ಕಿವಿಗೆ ಅಷ್ಟು ನಷ್ಟ ಗೊತ್ತಾಗುವುದಿಲ್ಲ. ಇಲ್ಲವೇ 1 ಓಮ್ ತಡೆಯುವ ಆಂಪ್ ತನ್ನಿ. ಸಬ್‌ಗಳನ್ನು ಇನ್ನೂ ಕೊಂಡಿಲ್ಲದಿದ್ದರೆ ಮೊದಲೇ ಡ್ಯುಯಲ್ 2 ಜೋಡಿ ಕೇಳಿ: ಪ್ರತಿಯೊಂದರ ಕಾಯಿಲ್ ಸೀರೀಸ್ (4), ಸಬ್‌ಗಳು ಪ್ಯಾರಲಲ್ (2).

ಪ್ರತಿ ಸಬ್‌ನ ಒಂದು ಕಾಯಿಲ್ ಮಾತ್ರ ಬಳಸಿ, ಇನ್ನೊಂದನ್ನು ಖಾಲಿ ಬಿಟ್ಟು 2 ಓಮ್ ಮಾಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಮೀಟರ್‌ನಲ್ಲಿ ಲೆಕ್ಕ ಸರಿ ಬರುತ್ತದೆ. ಆದರೆ ಸಬ್ ತಡೆಯುವ ವಾಟ್ ಅರ್ಧವಾಗುತ್ತದೆ, ಕೋನ್‌ನ ಮೇಲೆ ಮ್ಯಾಗ್ನೆಟ್‌ನ ಹಿಡಿತವೂ ಕಡಿಮೆಯಾಗುತ್ತದೆ, ಬಾಕ್ಸ್‌ನ ಲೆಕ್ಕ ತಪ್ಪುತ್ತದೆ. ಮಾಡಬೇಡಿ.

ಬೇರೆ ಬೇರೆ ಓಮ್‌ನ ಸಬ್‌ಗಳನ್ನು ಬೆರೆಸುವುದೂ ಅಂಥದ್ದೇ. 4 ಓಮ್‌ನ ಹನ್ನೆರಡು ಇಂಚಿನ ಜೊತೆಗೆ 2 ಓಮ್‌ನ ಹತ್ತು ಇಂಚನ್ನು ಪ್ಯಾರಲಲ್ ಮಾಡಿದರೆ ಒಟ್ಟು 1.33 ಓಮ್. ಅದರಲ್ಲಿ ಚಿಕ್ಕ ಸಬ್‌ಗೇ ದೊಡ್ಡದರ ಎರಡು ಪಟ್ಟು ವಾಟ್ ಹೋಗುತ್ತದೆ, ಮೊದಲು ಸುಡುವುದೂ ಅದೇ.

ಟರ್ಮಿನಲ್ ನೋಡಿ ಮೋಸ ಹೋಗುವುದು

ಮೋನೋಬ್ಲಾಕ್ (ಒಂದೇ ಚಾನಲ್‌ನ) ಆಂಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಪ್ಲಸ್, ಎರಡು ಮೈನಸ್ ಇರುತ್ತವೆ. ಅವು ಎರಡು ಚಾನಲ್ ಅಲ್ಲ. ತಂತಿ ಸೇರಿಸಲು ಅನುಕೂಲವಾಗಲೆಂದು ಕೊಟ್ಟ ಜೋಡಿ, ಒಳಗೆ ಎರಡೂ ಒಂದೇ. ಒಂದು ಜೋಡಿಗೆ 2 ಓಮ್‌ನ ಒಂದು ಸಬ್, ಇನ್ನೊಂದು ಜೋಡಿಗೆ 2 ಓಮ್‌ನ ಮತ್ತೊಂದು ಸಬ್ ಕೊಟ್ಟರೆ ಆಂಪ್‌ಗೆ ಕಾಣುವುದು 1 ಓಮ್. ಅನುಮಾನವಿದ್ದರೆ, ಆಂಪ್ ಆಫ್ ಇದ್ದು ತಂತಿಗಳೆಲ್ಲ ಬಿಚ್ಚಿರುವಾಗ ಎರಡು ಪ್ಲಸ್‌ಗಳ ನಡುವೆ ಅಳೆಯಿರಿ, ಸೊನ್ನೆ ಬರುತ್ತದೆ.

ಫೋರ್ ಚಾನಲ್ ಆಂಪ್‌ನ ಹಿಂದಿನ ಎರಡು ಚಾನಲ್ ಬ್ರಿಡ್ಜ್ ಮಾಡಿ (ಒಂದೇ ಚಾನಲ್‌ನಂತೆ ಸೇರಿಸಿ) ಸಬ್ ಕೊಡುವ ಕಡೆ ಬೇರೆ ಬಲೆ ಇದೆ. ಬ್ರಿಡ್ಜ್‌ನಲ್ಲಿ ಪ್ರತಿ ಚಾನಲ್‌ಗೆ ಕಾಣುವುದು ಸಬ್‌ನ ಅರ್ಧ ಓಮ್. ‘2 ಓಮ್ ಸ್ಟೇಬಲ್’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದು ಒಂದೊಂದು ಚಾನಲ್‌ನ ಮಾತು. ಬ್ರಿಡ್ಜ್‌ಗೆ ಕನಿಷ್ಠ 4 ಓಮ್ ಬೇಕು. ಡ್ಯುಯಲ್ 4 ಸಬ್‌ನ ಕಾಯಿಲ್‌ಗಳನ್ನು ಪ್ಯಾರಲಲ್ ಮಾಡಿ ಇಲ್ಲಿಗೆ ಕೊಟ್ಟರೆ ಪ್ರತಿ ಚಾನಲ್‌ಗೆ 1 ಓಮ್ ಬಿತ್ತು. ಅದನ್ನು ಸೀರೀಸ್ ಮಾಡಿ 8ಕ್ಕೆ ಬ್ರಿಡ್ಜ್ ಮಾಡಬಹುದು. ಅಥವಾ ಬ್ರಿಡ್ಜ್ ಬಿಟ್ಟು ಒಂದೊಂದು ಕಾಯಿಲ್‌ಗೆ ಒಂದೊಂದು ಚಾನಲ್ ಕೊಡಬಹುದು. ಎರಡರಲ್ಲೂ ವಾಟ್ ಒಂದೇ. ಎರಡನೆಯದನ್ನು ಮಾಡುವುದಾದರೆ ಎರಡೂ ಚಾನಲ್‌ಗೆ ಒಂದೇ ಸಿಗ್ನಲ್, ಒಂದೇ ಗೇನ್ (ಬರುವ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವ ಆಂಪ್‌ನ ತಿರುಗುಗುಂಡಿ) ಇರಬೇಕು.

ಆಂಪ್ ನಿಜವಾಗಿ ಎಷ್ಟು ಓಮ್ ತಡೆಯುತ್ತದೆ ಎಂದು ಅದರ ಪುಸ್ತಕದಲ್ಲಿ ನೋಡಿ. ಆರ್‌ಎಂಎಸ್ ವಾಟ್ (ನಿರಂತರವಾಗಿ ಕೊಡಬಲ್ಲ ವಾಟ್) ಅನ್ನು 4 ಮತ್ತು 2 ಓಮ್‌ಗೆ ಮಾತ್ರ ಬರೆದು 1 ಓಮ್‌ನ ಸಾಲು ಇಲ್ಲದಿದ್ದರೆ 1 ಓಮ್ ಕೊಡಬಾರದು ಎಂದೇ ಅರ್ಥ. ಡಬ್ಬಿಯ ಮೇಲಿನ ‘3000 ವಾಟ್ ಮ್ಯಾಕ್ಸ್’ ಎಂಬುದನ್ನು ಮರೆತುಬಿಡಿ. ಆಂಪ್ ಮೇಲೆ 30 ಆಂಪಿಯರ್‌ನ ಎರಡು ಫ್ಯೂಸ್ ಇದ್ದರೆ, 60ನ್ನು 13.8ರಿಂದ ಗುಣಿಸಿ ಅದರ ಶೇ. 80 ತೆಗೆದುಕೊಳ್ಳಿ: ಸುಮಾರು 660 ವಾಟ್. ಕರೆಂಟನ್ನು ಹೆಚ್ಚು ಪೋಲು ಮಾಡದ ಕ್ಲಾಸ್ ಡಿ ಆಂಪ್ ಆದರೂ ಅದಕ್ಕಿಂತ ಬಹಳ ಹೆಚ್ಚು ನಿರಂತರವಾಗಿ ಬರಲು ಸಾಧ್ಯವಿಲ್ಲ.

ಓಮ್ ಸರಿ, ಆದರೆ ಬೇಸ್ ಇಲ್ಲ

ಎರಡನೇ ಸಬ್ ಸೇರಿಸಿದ ಮೇಲೆ ಬೇಸ್ ಹೆಚ್ಚುವ ಬದಲು ಕಡಿಮೆಯಾದರೆ ಒಂದು ಸಬ್‌ನ ಪ್ಲಸ್ ಮೈನಸ್ ತಿರುಗಿದೆ. ಒಂದು ಕೋನ್ ಹೊರಗೆ ಬಂದಾಗ ಇನ್ನೊಂದು ಒಳಗೆ ಹೋಗುತ್ತದೆ. ಓಮ್ ಮೀಟರ್ ಇದನ್ನು ತೋರಿಸುವುದಿಲ್ಲ. ಆಂಪ್‌ನಿಂದ ಬಿಚ್ಚಿದ ತಂತಿಗೆ ಪೆನ್ಸಿಲ್ ಸೆಲ್ಲನ್ನು ಕ್ಷಣ ಮಾತ್ರ ತಾಗಿಸಿ; ಸೆಲ್‌ನ ಪ್ಲಸ್ ತಂತಿಯ ಪ್ಲಸ್‌ಗೆ ತಾಗಿದಾಗ ಕೋನ್ ಹೊರಗೆ ಬರಬೇಕು. ಎರಡೂ ಕೋನ್ ಹೊರಗೇ ಬರಬೇಕು.

ಇದಕ್ಕಿಂತ ಕೆಟ್ಟದ್ದು, ಒಂದೇ ಡ್ಯುಯಲ್ ಸಬ್‌ನ ಎರಡು ಕಾಯಿಲ್‌ಗಳಲ್ಲಿ ಒಂದು ತಿರುಗುವುದು. ನೊಗಕ್ಕೆ ಕಟ್ಟಿದ ಎರಡು ಎತ್ತು ಎದುರುಬದುರು ಎಳೆದ ಹಾಗೆ, ಕೋನ್ ಅಲುಗುವುದೇ ಇಲ್ಲ, ಆದರೆ ಕರೆಂಟ್ ಪೂರ್ತಿ ಹರಿಯುತ್ತದೆ. ಬೇಸ್ ಸಾಲದೆಂದು ವಾಲ್ಯೂಮ್ ಏರಿಸಿದಷ್ಟೂ ಕಾಯಿಲ್ ಸುಡುತ್ತದೆ. ಕೋನ್ ಅಲುಗದ ಕಾರಣ ಒಳಗೆ ಗಾಳಿಯಾಡಿ ತಣ್ಣಗಾಗುವ ದಾರಿಯೂ ಇಲ್ಲ. ಡ್ಯುಯಲ್ ಸಬ್‌ನಲ್ಲಿ ಸೆಲ್ ಪರೀಕ್ಷೆಯನ್ನು ಒಂದೊಂದು ಕಾಯಿಲ್‌ಗೂ ಬೇರೆಬೇರೆಯಾಗಿ ಮಾಡಿ. ಸೀರೀಸ್ ಎಂದರೆ ಒಂದನೇ ಕಾಯಿಲ್‌ನ ಮೈನಸ್‌ಗೆ ಎರಡನೇ ಕಾಯಿಲ್‌ನ ಪ್ಲಸ್. ಉಳಿದ ಪ್ಲಸ್ ಮತ್ತು ಮೈನಸ್ ಆಂಪ್‌ಗೆ.

ಮಳೆಗಾಲದಲ್ಲಿ ಮಾತ್ರ ಬರುವ ದೋಷ

ಓಮ್ ಸರಿ, ಪೋಲಾರಿಟಿ ಸರಿ, ಆದರೂ ಬೇಸ್‌ಗೆ ನಿಲ್ಲುತ್ತದೆ ಎಂದರೆ ವೋಲ್ಟೇಜ್ ನೋಡಬೇಕು. ಎಂಜಿನ್ ಆಫ್ ಇದ್ದಾಗ ಆರೋಗ್ಯವಾದ ಬ್ಯಾಟರಿ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4. ಅಳೆಯಬೇಕಾದದ್ದು ಆಂಪ್‌ನ ಟರ್ಮಿನಲ್‌ನಲ್ಲಿ, ಬೇಸ್ ಬರುತ್ತಿರುವಾಗ. ಹಾಡು ಹಾಕಿದರೆ ಅಂಕಿ ಕುಣಿಯುತ್ತದೆ, 50 ಹರ್ಟ್ಸ್ ಟೋನ್ ಹಾಕಿ ಐದಾರು ಸೆಕೆಂಡ್ ನೋಡಿ. 11ರ ಕೆಳಗೆ ಇಳಿಯುತ್ತಿದ್ದರೆ ಆಂಪ್ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಎರಡು ಕಾರಣ ಸೇರುತ್ತವೆ. ಒಂದು, ಮಂಜು ಮಳೆಯಲ್ಲಿ ಹೆಡ್‌ಲೈಟ್, ಫಾಗ್ ಲ್ಯಾಂಪ್, ವೈಪರ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲವೂ ಆನ್. ಸಂಪಾಜೆ ಘಾಟಿಯಲ್ಲಿ ಲಾರಿಯ ಹಿಂದೆ ಆಮೆವೇಗದಲ್ಲಿ ಇಳಿಯುವಾಗ ಎಂಜಿನ್ ಐಡಲ್‌ನ ಹತ್ತಿರವೇ ಇರುತ್ತದೆ, ಆಲ್ಟರ್ನೇಟರ್ ಪೂರ್ತಿ ಕರೆಂಟ್ ಕೊಡುವುದಿಲ್ಲ. ಬೇಸಿಗೆಯ ಹಗಲಲ್ಲಿ ಪರೀಕ್ಷೆ ಮಾಡಿದರೆ ಈ ದೋಷ ಸಿಗುವುದೇ ಇಲ್ಲ. ಗಾಡಿ ನಿಲ್ಲಿಸಿ, ಐಡಲ್‌ನಲ್ಲಿಟ್ಟು, ಇವೆಲ್ಲವನ್ನೂ ಆನ್ ಮಾಡಿ ಅಳೆಯಿರಿ.

ಎರಡನೆಯದು ತೇವ. ಜೀಪಿನ ಹುಡ್ ಸಂದಿನಿಂದಲೋ ಒದ್ದೆ ಬೂಟಿನಿಂದಲೋ ಕಾರ್ಪೆಟ್ ಕೆಳಗೆ ನೀರು ನಿಂತು ಗ್ರೌಂಡ್ ಬೋಲ್ಟ್ ತುಕ್ಕು ಹಿಡಿಯುತ್ತದೆ. ಮೀಟರ್‌ನ ಒಂದು ಪ್ರೋಬ್ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಆಂಪ್‌ನ ಗ್ರೌಂಡ್ ಟರ್ಮಿನಲ್‌ಗೆ. ಪ್ರೋಬ್ ಉದ್ದ ಸಾಲದಿದ್ದರೆ ಯಾವುದಾದರೂ ತೆಳು ತಂತಿ ಸೇರಿಸಿ. ಟೋನ್ ಬರುತ್ತಿರುವಾಗ 0.2, ಹೆಚ್ಚೆಂದರೆ 0.3 ವೋಲ್ಟ್ ಇರಬಹುದು. ಪ್ಲಸ್ ಕಡೆ ಇದೇ ರೀತಿ ಬ್ಯಾಟರಿ ಪ್ಲಸ್‌ನಿಂದ ಆಂಪ್ ಪ್ಲಸ್‌ಗೆ ಅಳೆದರೆ 0.5ರೊಳಗೆ ಇರಬೇಕು. ಗ್ರೌಂಡ್‌ನಲ್ಲಿ ಹೆಚ್ಚು ಬಂದರೆ ಬೋಲ್ಟ್ ತೆಗೆದು, ಬಣ್ಣ ಮತ್ತು ತುಕ್ಕು ಹೋಗಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲಿಂದ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ. ಸೀಟ್ ಬೆಲ್ಟ್ ಬೋಲ್ಟ್ ಬಳಸಬೇಡಿ. ಗ್ರೌಂಡ್ ತಂತಿ ಪ್ಲಸ್ ತಂತಿಯಷ್ಟೇ ದಪ್ಪ, ಉದ್ದ ಅರ್ಧ ಮೀಟರ್ ಒಳಗೆ.

ಪ್ಲಸ್ ಕಡೆ ಹೆಚ್ಚು ಬಂದರೆ ಮೊದಲು ಬಾನೆಟ್ ಒಳಗಿನ ಫ್ಯೂಸ್ ಹೋಲ್ಡರ್ ತೆರೆಯಿರಿ. ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಕಾಂಟ್ಯಾಕ್ಟ್ ಸಡಿಲ. ತಂತಿಯ ತುದಿ ಹಸಿರಾಗಿದ್ದರೆ ಹೊಳೆಯುವ ತಾಮ್ರ ಬರುವವರೆಗೆ ಕತ್ತರಿಸಿ. ಬಿಳಿ ಪುಡಿ ಕಂಡರೆ ಅದು ತಾಮ್ರವೇ ಅಲ್ಲ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. 500 ವಾಟ್‌ನ ಕ್ಲಾಸ್ ಡಿ ಆಂಪ್ ಸುಮಾರು 45 ಆಂಪಿಯರ್ ಎಳೆಯುತ್ತದೆ. ಬಾನೆಟ್‌ನಿಂದ ಡಿಕ್ಕಿಗೆ 5 ಮೀಟರ್ ಎಂದರೆ, ಅಪ್ಪಟ ತಾಮ್ರದ 4 ಗೇಜ್‌ನಲ್ಲಿ (ಗೇಜ್ ಅಂಕಿ ಚಿಕ್ಕದಾದಷ್ಟೂ ತಂತಿ ದಪ್ಪ) 0.2 ವೋಲ್ಟ್‌ಗಿಂತ ಕಡಿಮೆ ಕಳೆಯುತ್ತದೆ, 8 ಗೇಜ್‌ನಲ್ಲಿ ಅರ್ಧ ವೋಲ್ಟ್‌ನ ಹತ್ತಿರ, ಅದೇ 8 ಗೇಜ್ ಅಲ್ಯೂಮಿನಿಯಂ ಆದರೆ ಮುಕ್ಕಾಲು ವೋಲ್ಟ್. ಮುಖ್ಯ ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಇರಲೇಬೇಕು. ಅದು ಆಂಪನ್ನು ಕಾಯಲು ಅಲ್ಲ, ಕೇಬಲ್ ಬಾಡಿಗೆ ತಾಗಿ ಗಾಡಿಗೆ ಬೆಂಕಿ ಬೀಳದಿರಲು.

ಸ್ಪೀಕರ್ ತಂತಿಗೂ ಈ ಲೆಕ್ಕ ಇದೆ. 2.5 ಚದರ ಮಿ.ಮೀ. ತಾಮ್ರದ ತಂತಿ 3 ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 0.04 ಓಮ್. 4 ಓಮ್ ಸಬ್‌ಗೆ ಇದು ಶೇ. 1, 1 ಓಮ್‌ಗೆ ಶೇ. 4. ಎಂಜಿನ್ ವೇಗಕ್ಕೆ ತಕ್ಕಂತೆ ಕುಯ್ಯೋ ಎನ್ನುವ ಸದ್ದು ಓಮ್‌ನದಲ್ಲ, ಗ್ರೌಂಡ್ ಮತ್ತು ಆರ್‌ಸಿಎಯದು. ಮೊದಲು ಆರ್‌ಸಿಎ ಪವರ್ ಕೇಬಲ್ ಜೊತೆಗೆ ಹೋಗಿದೆಯೇ ನೋಡಿ, ಬೇರೆ ಬದಿಯಿಂದ ಎಳೆಯಿರಿ.

ವೈರಿಂಗ್ ಬದಲಿಸಿದ ಮೇಲೆ ಗೇನ್

ಓಮ್ ಬದಲಾದರೆ ಹಳೆಯ ಗೇನ್ ಉಪಯೋಗಕ್ಕೆ ಬರುವುದಿಲ್ಲ. ವಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ. 4 ಓಮ್‌ಗೆ 300 ವಾಟ್ ಎಂದರೆ 34.6 ವೋಲ್ಟ್, 2 ಓಮ್‌ಗೆ 500 ಎಂದರೆ 31.6, 1 ಓಮ್‌ಗೆ 800 ಎಂದರೆ 28.3. ಸ್ಪೀಕರ್ ತಂತಿ ಬಿಚ್ಚಿ, ಬೇಸ್ ಬೂಸ್ಟ್ ಸೊನ್ನೆ ಮಾಡಿ, ಸ್ಟೀರಿಯೋದ ಈಕ್ವಲೈಜರ್ ಸಮ ಮಾಡಿ, ಆಂಪ್‌ನ ಲೋ ಪಾಸ್ ಫಿಲ್ಟರನ್ನು (ಬೇಸ್ ಮಾತ್ರ ಸಬ್‌ಗೆ ಬಿಡುವ ಜರಡಿಯನ್ನು) ಪೂರ್ತಿ ಮೇಲಕ್ಕೆ ತಿರುಗಿಸಿ. ಎಂಜಿನ್ ಓಡುತ್ತಿರಲಿ. ವಾಲ್ಯೂಮ್ ಮುಕ್ಕಾಲಿಗೆ ಇಟ್ಟು 50 ಹರ್ಟ್ಸ್‌ನ 0 ಡೆಸಿಬೆಲ್ (ಪೂರ್ತಿ ಮಟ್ಟದಲ್ಲಿ ರೆಕಾರ್ಡ್ ಆದ) ಟೋನ್ ಹಾಕಿ, ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಆಂಪ್‌ನ ಸ್ಪೀಕರ್ ಟರ್ಮಿನಲ್‌ನಲ್ಲಿ ನಿಮ್ಮ ಲೆಕ್ಕದ ವೋಲ್ಟ್ ಬರುವವರೆಗೆ ಗೇನ್ ಏರಿಸಿ. 50 ಹರ್ಟ್ಸ್ ಏಕೆಂದರೆ ಮನೆಯ ಕರೆಂಟ್ ಕೂಡ ಅದೇ, ಅಗ್ಗದ ಮೀಟರ್‌ಗಳೂ ಅಲ್ಲಿ ಸರಿಯಾಗಿ ತೋರಿಸುತ್ತವೆ. ಲೆಕ್ಕಕ್ಕೆ ತೆಗೆದುಕೊಳ್ಳುವ ವಾಟ್ ಆಂಪ್‌ನದು ಅಥವಾ ಸಬ್‌ನದು, ಎರಡರಲ್ಲಿ ಕಡಿಮೆ ಇರುವುದು. ಆಮೇಲೆ ಫಿಲ್ಟರನ್ನು 80 ಹರ್ಟ್ಸ್‌ನ ಸುತ್ತ ತಂದು, ಆಫ್ ಮಾಡಿ, ಸ್ಪೀಕರ್ ತಂತಿ ಸೇರಿಸಿ.

ಸಬ್ ಸುಟ್ಟು ರೀಕಾಯಿಲ್‌ಗೆ (ಹೊಸ ಕಾಯಿಲ್ ಹಾಕಿಸಲು) ಕೊಡುವುದಾದರೆ ಹಳೆಯ ಕಾಯಿಲ್ ಸಿಂಗಲ್ಲೋ ಡ್ಯುಯಲ್ಲೋ, ಎಷ್ಟು ಓಮ್ ಎಂದು ಚೀಟಿ ಬರೆದು ಮ್ಯಾಗ್ನೆಟ್‌ಗೆ ಅಂಟಿಸಿ ಕೊಡಿ. ಡ್ಯುಯಲ್ 4ರ ಜಾಗದಲ್ಲಿ ಕೈಗೆ ಸಿಕ್ಕ ಡ್ಯುಯಲ್ 2 ಕಾಯಿಲ್ ಕೂರಿಸಿ ಕಳಿಸಿದರೆ, ಹೊರಗಿನಿಂದ ಸಬ್ ಹಾಗೇ ಕಾಣುತ್ತದೆ, ನಿಮ್ಮ ಹಳೆಯ ಪ್ಯಾರಲಲ್ ವೈರಿಂಗ್ ಈಗ 1 ಓಮ್. ತಂದ ಮೇಲೆ ಬಾಕ್ಸ್‌ಗೆ ಕೂರಿಸುವ ಮುನ್ನ ಎರಡೂ ಕಾಯಿಲ್ ಅಳೆಯಿರಿ, ಸೆಲ್ ತಾಗಿಸಿ ನೋಡಿ. ಬಾಕ್ಸ್ ಎಂಡಿಎಫ್‌ನದಾದರೆ (ಮರದ ನಾರು ಒತ್ತಿ ಮಾಡಿದ ಹಲಗೆ) ತಳವನ್ನೂ ಒಮ್ಮೆ ಒತ್ತಿ ನೋಡಿ: ತೇವಕ್ಕೆ ಉಬ್ಬಿ ಜೋಡಣೆ ಬಿಟ್ಟಿದ್ದರೆ ಗಾಳಿ ಸೋರುತ್ತದೆ, ಸೀಲ್ಡ್ ಬಾಕ್ಸ್‌ನಲ್ಲಿ ಕೋನ್ ಮಿತಿ ಮೀರಿ ಕುಣಿದು ಹೊಸ ಕಾಯಿಲ್ ಕೂಡ ಉಜ್ಜತೊಡಗುತ್ತದೆ. ವಾಟರ್‌ಪ್ರೂಫ್ ಪ್ಲೈವುಡ್‌ನ ಬಾಕ್ಸ್ ದುಬಾರಿಯಾದರೂ ನಮ್ಮ ಹವೆಗೆ ಅದೇ ಬಾಳುವುದು. ಕೂರಿಸಿದ ಮೇಲೆ ಕಲ್ಲುದಾರಿಯಲ್ಲಿ ಒಂದು ವಾರ ಓಡಿಸಿ, ಆಂಪ್‌ನ ಅಷ್ಟೂ ಟರ್ಮಿನಲ್ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಎಳೆ ಎಳೆಯ ತಂತಿ ಕಚ್ಚಿ ಕೂತ ಮೇಲೆ ಕಾಲು ಸುತ್ತಾದರೂ ಸಡಿಲವಾಗಿರುತ್ತದೆ.